ಹಳೆಯ ಗೇಮು, ಹೊಸ ಟಿವಿ: ಚಿತ್ರ ಕೆಡುವುದು ಎಲ್ಲಿ?

ಹಳೆಯ ವಿಡಿಯೋ ಗೇಮ್ ಯಂತ್ರವನ್ನು ಹೊಸ ಟಿವಿಗೆ ಜೋಡಿಸಿದವರ ದೂರು ಸಾಮಾನ್ಯವಾಗಿ ಒಂದೇ: ಆಗ ಎಷ್ಟು ಚೆನ್ನಾಗಿ ಕಾಣುತ್ತಿತ್ತು, ಈಗ ಅಂಚೆಲ್ಲ ಕಲಸಿಹೋಗಿದೆ, ಬಣ್ಣ ಸೋರುತ್ತಿದೆ, ಮಾರಿಯೋ ದಪ್ಪಗಾಗಿದ್ದಾನೆ, ಗುಂಡಿ ಒತ್ತಿ ಒಂದು ಗಳಿಗೆಯಾದ ಮೇಲೆ ನೆಗೆಯುತ್ತಾನೆ. ಇದಕ್ಕೆ ಸಿಗುವ ಸಿದ್ಧ ಉತ್ತರಗಳು ಎರಡು. ಯಂತ್ರವೇ ಹಳೆಯದು, ಅದರ ಯೋಗ್ಯತೆ ಅಷ್ಟೇ ಎನ್ನುವುದು ಒಂದು. ಬಾಲ್ಯದ ನೆನಪು ಎಲ್ಲವನ್ನೂ ಚಂದ ಮಾಡಿ ತೋರಿಸುತ್ತದೆ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಎರಡೂ ತಪ್ಪಿತಸ್ಥನನ್ನು ಬಿಟ್ಟು ಪಕ್ಕದವನನ್ನು ಹಿಡಿಯುತ್ತವೆ. ಒಳಗಿನ ಕೆಪಾಸಿಟರುಗಳು ಸೋರಿ ಹಾಳಾಗಿರದಿದ್ದರೆ, ನಿಂಟೆಂಡೋ ಯಂತ್ರದಿಂದ ಹೊರಡುವ ಸಂಕೇತ 1985ರಲ್ಲಿ ಹೇಗಿತ್ತೋ ಇಂದೂ ಹಾಗೇ ಇದೆ. ಬದಲಾಗಿರುವುದು ಅದನ್ನು ಓದುವ ಟಿವಿ. ಹೊಸ ಟಿವಿ ಆ ಸಂಕೇತವನ್ನು ತಪ್ಪಾಗಿ ಓದುತ್ತದೆ, ಓದಿದ ತಪ್ಪನ್ನು ಎಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳಲ್ಲಿ ಹಿಗ್ಗಿಸಿ ತೋರಿಸುತ್ತದೆ.

ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಗಾಜಿನ ಒಳಮೈಯ ಫಾಸ್ಫರ್ ಲೇಪದ ಮೇಲೆ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಪೂರ್ಣ ಚಿತ್ರವೊಂದಕ್ಕೆ 525 ಗೆರೆ. ಅಷ್ಟನ್ನೂ ಸೆಕೆಂಡಿಗೆ ಅರವತ್ತು ಸಲ ಕಳಿಸಲು ಪ್ರಸಾರದ ದಾರಿಯಲ್ಲಿ ಜಾಗವಿರಲಿಲ್ಲ. ಮೂವತ್ತೇ ಸಲ ಕಳಿಸಿದರೆ ಚಿತ್ರ ಮಿಣುಕುತ್ತಿತ್ತು. ಹಾಗಾಗಿ ಚಿತ್ರವನ್ನು ಎರಡು ಪಾಲು ಮಾಡಿ, ಒಂದು ಸಲ ಬೆಸ ಗೆರೆಗಳನ್ನೂ ಇನ್ನೊಂದು ಸಲ ಸಮ ಗೆರೆಗಳನ್ನೂ ಕಳಿಸುವ ಉಪಾಯ ಬಂತು. ಪ್ರತಿ ಪಾಲಿಗೆ ಇನ್ನೂರ ಅರವತ್ತೆರಡೂವರೆ ಗೆರೆ. ಇಡೀ ಉಪಾಯ ನಿಂತಿರುವುದು ಆ ಅರ್ಧ ಗೆರೆಯ ಮೇಲೆ. ಅದು ಇರುವುದರಿಂದಲೇ ಎರಡನೆಯ ಪಾಲಿನ ಗೆರೆಗಳು ಮೊದಲನೆಯದರ ಸಂದುಗಳಲ್ಲಿ ಬಂದು ಕೂರುತ್ತವೆ. ಗೇಮ್ ಯಂತ್ರ ಮಾಡಿದವರು ಆ ಅರ್ಧ ಗೆರೆಯನ್ನು ಕಿತ್ತುಹಾಕಿದರು. ಪ್ರತಿ ಸಲವೂ ಸರಿಯಾಗಿ 262 ಗೆರೆ ಕಳಿಸಿದರೆ ಕಿರಣ ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಹಾಯುತ್ತದೆ. ನಡುವಿನ ಸಂದು ಕಪ್ಪಾಗಿಯೇ ಉಳಿಯುತ್ತದೆ. ಗೆರೆಗಳು ಅರ್ಧಕ್ಕಿಳಿದರೂ ಸೆಕೆಂಡಿಗೆ ಅರವತ್ತು ಪೂರ್ಣ ಚಿತ್ರ ಸಿಗುತ್ತವೆ, ಓಟ ನುಣುಪಾಗುತ್ತದೆ, ಅಗ್ಗದ ಚಿಪ್ಪಿನ ಕೆಲಸವೂ ಹಗುರಾಗುತ್ತದೆ. ಪರದೆಯ ಮೇಲೆ ಕಾಣುವ ಗೆರೆಗಳನ್ನಷ್ಟೇ ಎಣಿಸಿ ಗೇಮಿನ ಜನ ಇದನ್ನು 240ಪಿ ಎನ್ನುತ್ತಾರೆ. ಟಿವಿ ಪ್ರಸಾರದವರು ಇಂಥದ್ದೊಂದನ್ನು ಎಂದೂ ಕಳಿಸಿದವರಲ್ಲ. ಆದರೂ ಹಳೆಯ ಟಿವಿ ತಕರಾರು ಮಾಡಲಿಲ್ಲ, ಏಕೆಂದರೆ ಅದಕ್ಕೆ ನೆನಪಿನ ಶಕ್ತಿಯೇ ಇರಲಿಲ್ಲ. ಹೊಸ ಗೆರೆ ಆರಂಭಿಸು ಎಂದಾಗ ಆರಂಭಿಸುವುದು, ಮೇಲಕ್ಕೆ ಹೋಗು ಎಂದಾಗ ಹೋಗುವುದು, ಅದರ ಕೆಲಸ ಅಷ್ಟೇ.

ಇಂದಿನ ಟಿವಿ ಹಾಗಲ್ಲ, ಅದು ಯೋಚಿಸುತ್ತದೆ. ಹಳದಿ ಪ್ಲಗ್ಗಿನ ಎವಿ ತಂತಿಯಿಂದ ಬರುವುದೆಲ್ಲ ಪ್ರಸಾರದ ಚಿತ್ರವೇ, ಅಂದರೆ ಪ್ರತಿ ಪಾಲೂ ಅರ್ಧ ಚಿತ್ರವೇ ಎಂದು ಮೊದಲೇ ನಂಬಿ ಕುಳಿತ ಟಿವಿಗಳೇ ಹೆಚ್ಚು. ಆದ್ದರಿಂದ ಒಂದು ಪಾಲನ್ನು ನೆನಪಿನಲ್ಲಿಟ್ಟು ಮುಂದಿನದರೊಂದಿಗೆ ಹೆಣೆಯುತ್ತವೆ. ಅರವತ್ತರಲ್ಲಿ ಒಂದು ಸೆಕೆಂಡಿನ ಅಂತರದ ಎರಡು ಬೇರೆ ಚಿತ್ರಗಳು ಹೀಗೆ ಒಂದಾಗಿ ಹೆಣೆದುಕೊಂಡಾಗ, ಓಡುವ ಬೊಂಬೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೆಟ್ಟು ತಿಂದ ನಾಯಕ ಮಿಣುಕುವುದು, ನೆರಳು ಅರೆಪಾರದರ್ಶಕವಾಗಿ ಕಾಣುವುದು, ಇವನ್ನು ಅಂದಿನ ಗೇಮುಗಳು ಒಂದು ಚಿತ್ರದಲ್ಲಿ ಬೊಂಬೆಯನ್ನು ಬರೆದು ಮುಂದಿನದರಲ್ಲಿ ಬಿಟ್ಟು ಸಾಧಿಸುತ್ತಿದ್ದವು. ಎರಡೆರಡು ಪಾಲು ಸೇರಿಸಿ ಓದುವ ಟಿವಿಯಲ್ಲಿ ಆ ಮಿಣುಕು ಪಟ್ಟೆಪಟ್ಟೆಯಾಗುತ್ತದೆ, ಇಲ್ಲವೇ ಬೊಂಬೆಯೇ ಮಾಯವಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿಗಳನ್ನು ಕೊಂಡವರು ನಿರಾಶರಾಗುವುದೂ ಇದಕ್ಕೇ. ಹೆಚ್ಚಿನವು ಟಿವಿ ಮಾಡುವ ತಪ್ಪನ್ನೇ ಟಿವಿಗಿಂತ ಮೊದಲು ಮಾಡಿ ಮುಗಿಸುತ್ತವೆ.

ತಂತಿಯ ಪಾಲಿನ ದೋಷವೂ ಇದೆ, ಅದು ಬೇರೆ ಬಗೆಯದು. ಹಳದಿ ಪ್ಲಗ್ಗಿನ ಕಾಂಪೊಸಿಟ್ ತಂತಿಯಲ್ಲಿ ಹೊಳಪು ಮತ್ತು ಬಣ್ಣ ಒಂದೇ ದಾರಿಯಲ್ಲಿ ಬರುತ್ತವೆ. ಎನ್‌ಟಿಎಸ್‌ಸಿಯಲ್ಲಿ ಬಣ್ಣ ಸುಮಾರು 3.58 ಮೆಗಾಹರ್ಟ್ಸಿನ ಅಲೆಯೊಂದರ ಮೇಲೆ ಸವಾರಿ ಮಾಡುತ್ತದೆ, ಭಾರತವೂ ಬಳಸಿದ ಪಾಲ್ ಪದ್ಧತಿಯಲ್ಲಿ 4.43ರ ಮೇಲೆ. ಆದರೆ ಸಣ್ಣ ವಿವರಗಳ ಹೊಳಪೂ ಅದೇ ಎಡೆಯಲ್ಲೇ ಓಡಾಡುತ್ತಿರುತ್ತದೆ. ಇವನ್ನು ಬೇರ್ಪಡಿಸುವುದೆಂದರೆ ಅಕ್ಕಿಯಲ್ಲಿ ಬೆರೆತ, ಅಕ್ಕಿಯದೇ ಗಾತ್ರ ಅಕ್ಕಿಯದೇ ಬಣ್ಣದ ಕಲ್ಲನ್ನು ಆರಿಸಿದಂತೆ: ಕಲ್ಲೊಂದಿಷ್ಟು ಉಳಿಯುತ್ತದೆ, ಅಕ್ಕಿಯೊಂದಿಷ್ಟು ಹೋಗುತ್ತದೆ. ಉಳಿದ ಕಲ್ಲು ಅಂಚಿನಲ್ಲಿ ತೆವಳುವ ಚುಕ್ಕೆಗಳಾಗಿಯೂ ಕಾಮನಬಿಲ್ಲಿನ ಕಲೆಗಳಾಗಿಯೂ ಕಾಣುತ್ತದೆ. ಟಿವಿಯಲ್ಲಿ ಇದಕ್ಕೆಂದೇ ಶೋಧಕಗಳಿವೆ, ಅವು ಚುರುಕಾಗಿಯೇ ಇವೆ. ಆದರೆ ಪ್ರತಿ ಗೆರೆಗೆ ಬಣ್ಣದ ಅಲೆ ಇನ್ನೂರ ಇಪ್ಪತ್ತೇಳೂವರೆ ಸುತ್ತು ಹಾಕುತ್ತದೆ ಎಂಬ ಪ್ರಸಾರದ ಲೆಕ್ಕವನ್ನು ನಂಬಿ ಅವನ್ನು ಮಾಡಲಾಗಿದೆ. ನಿಂಟೆಂಡೋದ ಚಿತ್ರದ ಚಿಪ್ಪು ಹಾಕುವುದು ಇನ್ನೂರ ಇಪ್ಪತ್ತೇಳು ಮತ್ತು ಮೂರನೇ ಒಂದು ಸುತ್ತು. ವ್ಯತ್ಯಾಸ ಅತ್ಯಲ್ಪ, ಆದರೂ ಶೋಧಕದ ಲೆಕ್ಕ ತಪ್ಪಿಸಲು ಅಷ್ಟು ಸಾಕು. ಇಲ್ಲಿಯೂ ಯಂತ್ರ ಸುಳ್ಳು ಹೇಳಿಲ್ಲ. ಕೇಳಿಸಿಕೊಳ್ಳುವವನು ಬೇರೆ ಮಾತನ್ನು ನಿರೀಕ್ಷಿಸುತ್ತಿದ್ದಾನೆ.

ಹಾಗಾದರೆ ಒಳ್ಳೆಯ ತಂತಿ ಕೊಂಡರಾಯಿತಲ್ಲ ಎಂದು ಕೇಳಬಹುದು. ಎಸ್-ವಿಡಿಯೋ ತಂತಿ ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ದಾರಿಯಲ್ಲಿ ತರುತ್ತದೆ. ಯುರೋಪಿನ ಸ್ಕಾರ್ಟ್ ಜೋಡಣೆಯಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಪ್ರತ್ಯೇಕ ದಾರಿಯಿರುವುದರಿಂದ ಬೆರಕೆಯ ಪ್ರಶ್ನೆಯೇ ಇಲ್ಲ. ಸೆಗಾ ಮೆಗಾಡ್ರೈವ್, ಸೂಪರ್ ನಿಂಟೆಂಡೋ, ಮೊದಲ ಪ್ಲೇಸ್ಟೇಷನ್‌ಗಳು ಈ ಮೂರು ಬಣ್ಣಗಳ ಸಂಕೇತವನ್ನು ಹಿಂಬದಿಯಲ್ಲಿ ಕೊಟ್ಟೇ ಇವೆ, ಸರಿಯಾದ ತಂತಿ ಹಾಕಿದರೆ ಚಿತ್ರದಲ್ಲಾಗುವ ಬದಲಾವಣೆ ಯಾರ ಕಣ್ಣಿಗೂ ಬೀಳುತ್ತದೆ. ಆದರೆ ಚಿಪ್ಪು ಕೊಡದ್ದನ್ನು ತಂತಿ ತರಲಾರದು. ಮನೆಬಳಕೆಯ ಮೊದಲ ನಿಂಟೆಂಡೋದಲ್ಲಿ ಚಿತ್ರದ ಚಿಪ್ಪು ಹೊಳಪು-ಬಣ್ಣ ಬೆರೆತ ಸಂಕೇತವನ್ನೇ ನೇರವಾಗಿ ಹುಟ್ಟಿಸುತ್ತದೆ. ಒಳಗೆ ಹೆಚ್ಚುವರಿ ಬೋರ್ಡ್ ಬೆಸುಗೆ ಹಾಕದೆ ಅದರಿಂದ ಬೇರ್ಪಟ್ಟ ಬಣ್ಣ ತೆಗೆಯಲಾಗದು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ 'ಟಿವಿ ವಿಡಿಯೋ ಗೇಮು'ಗಳು, ಕಾರ್ಟ್ರಿಜ್ಜನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದ ಆ ಆಟಗಳು, ಬಹುಪಾಲು ಇದೇ ನಿಂಟೆಂಡೋದ ನಕಲುಗಳು. ಅವನ್ನು ಎಷ್ಟೋ ಮಂದಿ ಜೋಡಿಸುತ್ತಿದ್ದುದು ಆಂಟೆನಾ ತೂತಿಗೆ. ಅಲ್ಲಿ ಧ್ವನಿಯೂ ಚಿತ್ರದ ಜೊತೆ ಸೇರಿ ಒಂದೇ ಚಾನೆಲ್ಲಿನ ಅಲೆಯಾಗುತ್ತಿತ್ತು, ಕೆಡಲು ಇನ್ನೊಂದು ಮೆಟ್ಟಿಲು. ಇದರ ಮೇಲೆ ಪಾಲ್-ಎನ್‌ಟಿಎಸ್‌ಸಿ ತಕರಾರು ಬೇರೆ. ಭಾರತದ ಬಣ್ಣದ ಪ್ರಸಾರ 1982ರಲ್ಲಿ ಪಾಲ್ ಪದ್ಧತಿಯಲ್ಲೇ ಶುರುವಾದದ್ದರಿಂದ, ಅಮೆರಿಕದಿಂದ ಬಂಧುಗಳು ತಂದ ಯಂತ್ರ ಪಾಲ್ ಮಾತ್ರ ಬಲ್ಲ ಟಿವಿಯಲ್ಲಿ ಕಪ್ಪು-ಬಿಳುಪಾಗುತ್ತಿತ್ತು. ಪಾಲ್ ಯಂತ್ರಗಳದು ಇನ್ನೊಂದು ಕಥೆ. ಸೆಕೆಂಡಿಗೆ ಅರವತ್ತು ಚಿತ್ರಗಳ ಬದಲು ಪಾಲ್ ಪದ್ಧತಿಯ ಐವತ್ತರ ಗತಿಗೆ ಹೊಂದಿಸದೆ ಬಿಟ್ಟ ಅನೇಕ ಗೇಮುಗಳು ಯುರೋಪಿನಲ್ಲಿ ಆರನೇ ಒಂದು ಪಾಲು ನಿಧಾನವಾಗಿ ಓಡಿದವು, ಮೇಲೆ ಕೆಳಗೆ ಕಪ್ಪು ಪಟ್ಟಿ ಹೊತ್ತುಕೊಂಡು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೆರಕೆ ತಂತಿ ಚಿತ್ರವನ್ನು ಕಲಸುತ್ತದೆ ನಿಜ, ಆದರೆ ಕೆಲವು ಕಲಾವಿದರು ಆ ಕಲಸುವಿಕೆಯನ್ನೇ ಕುಂಚವಾಗಿ ಬಳಸಿದ್ದರು. 1991ರ 'ಸೋನಿಕ್ ದ ಹೆಡ್ಜ್‌ಹಾಗ್'ನ ಮೊದಲ ಹಂತದ ಜಲಪಾತವನ್ನೇ ನೋಡಿ. ಪಾರದರ್ಶಕ ಬಣ್ಣ ಮೆಗಾಡ್ರೈವಿನ ಚಿಪ್ಪಿಗೆ ಬರುತ್ತಿರಲಿಲ್ಲ. ಹಾಗಾಗಿ ನೀರನ್ನು ಒಂದು ಚುಕ್ಕೆ ಬಿಟ್ಟು ಒಂದು ಚುಕ್ಕೆಯಂತೆ ಲಂಬ ಪಟ್ಟೆಗಳಾಗಿ ಬರೆದರು. ಕಾಂಪೊಸಿಟ್ ತಂತಿಯಲ್ಲಿ ಆ ಪಟ್ಟೆಗಳು ಕರಗಿ, ಹಿಂದಿನ ಬಂಡೆ ಕಾಣುವ ತಿಳಿನೀರಾಗುತ್ತದೆ. ಮೂರು ಬಣ್ಣದ ಶುದ್ಧ ತಂತಿಯಲ್ಲಿ ಅದು ಕಿಟಕಿಯ ಸರಳುಗಳಂತೆ ನಿಲ್ಲುತ್ತದೆ. ಹಾಗೆಂದು ಬೆರಕೆ ತಂತಿಯೇ ಶ್ರೇಷ್ಠ ಎನ್ನುವ ವಾದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಂದು ಜಲಪಾತಕ್ಕಾಗಿ ಇಡೀ ಆಟದ ಅಕ್ಷರಗಳ ಅಂಚು, ಕೆಂಪು ಬಣ್ಣದ ಸೋರಿಕೆ ಎಲ್ಲವನ್ನೂ ಸಹಿಸಬೇಕಾಗುತ್ತದೆ. ಆದರೆ ಈ ಉದಾಹರಣೆ ಒಂದನ್ನು ಸ್ಪಷ್ಟ ಮಾಡುತ್ತದೆ: ಹರಿತವಾದ ಚಿತ್ರವೂ ಒಳ್ಳೆಯ ಚಿತ್ರವೂ ಒಂದೇ ಅಲ್ಲ. ಟ್ಯೂಬಿನ ಮೇಲೆ ಚುಕ್ಕೆಗೆ ಚೌಕದ ಅಂಚಿರಲಿಲ್ಲ. ನಡು ಹೊಳೆದು ಬದಿಗೆ ಮಸುಕಾಗುವ ಬೆಳಕಿನ ಉಂಡೆಯದು, ಮೇಲೆ ಕೆಳಗೆ ಕಪ್ಪು ಗೆರೆ. ನಾಲ್ಕು ಚುಕ್ಕೆಗಳಲ್ಲಿ ಬರೆದ ಕಣ್ಣು ಕಣ್ಣಾಗಿ ಕಂಡದ್ದು ಆ ಮಸುಕಿನಿಂದ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಅಂದರೆ ಎಮ್ಯುಲೇಟರಿನಲ್ಲಿ, ಆಡುವವರಿಗೆ ತಂತಿಯ ಗೊಡವೆಯೇ ಇಲ್ಲ, ಪ್ರತಿ ಚುಕ್ಕೆಯೂ ಪರಿಶುದ್ಧ. ಆದರೂ ಅವರಲ್ಲಿ ಎಷ್ಟೋ ಮಂದಿ ಟ್ಯೂಬಿನ ಗೆರೆಗಳನ್ನು ಅನುಕರಿಸುವ ಶೋಧಕವನ್ನು ತಾವಾಗಿ ಹಾಕಿಕೊಳ್ಳುತ್ತಾರೆ. ನಿಂಟೆಂಡೋ 2016ರಲ್ಲಿ ತನ್ನ ಹಳೆಯ ಯಂತ್ರದ ಪುಟ್ಟ ಆವೃತ್ತಿ ತಂದಾಗ ಆ ಆಯ್ಕೆಯನ್ನು ಒಳಗೇ ಇಟ್ಟಿತ್ತು. ಬರೀ ನೆನಪಿನ ಮೋಹವೆಂದು ಇದನ್ನು ತಳ್ಳಿಹಾಕುವುದು ಕಷ್ಟ, ಏಕೆಂದರೆ ಕಾರಣ ಚಿತ್ರದೊಳಗೇ ಇದೆ.

ಪರಿಹಾರಕ್ಕೆ ಬಂದರೆ, ಟಿವಿಗೆ ಸಂಕೇತ ಮುಟ್ಟುವ ಮೊದಲೇ ಅದನ್ನು ಸರಿಯಾಗಿ ಓದಬಲ್ಲ ಯಂತ್ರವೊಂದನ್ನು ನಡುವೆ ಕೂರಿಸುವುದೇ ದಾರಿ. ಜಪಾನಿನ ಫ್ರೇಮ್‌ಮೈಸ್ಟರ್, ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟ ಒಎಸ್‌ಎಸ್‌ಸಿ, ರೆಟ್ರೋಟಿಂಕ್ ಮೊದಲಾದ ಸ್ಕೇಲರುಗಳು ಹುಟ್ಟಿದ್ದು ಇದಕ್ಕೇ. 262 ಗೆರೆಯ ಸಂಕೇತ ಬಂದರೆ ಅದು ಪೂರ್ಣ ಚಿತ್ರವೆಂದು ಅವಕ್ಕೆ ಗೊತ್ತು. ಹೆಣೆಯುವುದಿಲ್ಲ, ಪ್ರತಿ ಗೆರೆಯನ್ನೂ ಇಷ್ಟಿಷ್ಟು ಸಲ ಮತ್ತೆ ಬರೆಯುತ್ತವೆ. ಎಷ್ಟು ಸಲ ಎಂಬುದರಲ್ಲೂ ಲೆಕ್ಕವಿದೆ. 240 ಗೆರೆಯನ್ನು 1080ಕ್ಕೆ ಹಿಗ್ಗಿಸಿದರೆ ನಾಲ್ಕೂವರೆ ಪಟ್ಟು. ಅರ್ಧ ಗೆರೆ ಬರೆಯಲಾಗದ್ದರಿಂದ ಕೆಲವು ಗೆರೆ ನಾಲ್ಕು, ಕೆಲವು ಐದು ಆಗಿ, ದೃಶ್ಯ ಜಾರುವಾಗ ಇಡೀ ನೆಲ ನಡುಗಿದಂತೆ ಕಾಣುತ್ತದೆ. 720ಕ್ಕೆ ಸರಿಯಾಗಿ ಮೂರು ಪಟ್ಟು, 4ಕೆ ಟಿವಿಯ 2160ಕ್ಕೆ ಸರಿಯಾಗಿ ಒಂಬತ್ತು. ನಲವತ್ತು ವರ್ಷ ಹಳೆಯ ಯಂತ್ರಕ್ಕೆ 4ಕೆ ಟಿವಿ ಪೂರ್ಣ ಎಚ್‌ಡಿ ಟಿವಿಗಿಂತ ಚೆನ್ನಾಗಿ ಒಪ್ಪುತ್ತದೆ ಎಂಬ ತಮಾಷೆಯ ಸಂಗತಿ ಹೀಗೆ ನಿಜ. ಜೊತೆಗೆ ಒಂಬತ್ತು ಗೆರೆಗಳಲ್ಲಿ ಎರಡು ಮೂರನ್ನು ಕಪ್ಪಾಗಿಸಿ ಟ್ಯೂಬಿನ ಸಂದುಗಳನ್ನು ಮರಳಿ ತರಲು ಜಾಗವೂ ಸಿಗುತ್ತದೆ. ಅಗಲದ ವಿಷಯದಲ್ಲಿ ಮಾತ್ರ ಟಿವಿಯ ರಿಮೋಟೇ ಸಾಕು. ಈ ಆಟಗಳು 4:3 ಪರದೆಗೆ ಬರೆದವು, ನಿಂಟೆಂಡೋದ ಚುಕ್ಕೆ ಚೌಕವೂ ಅಲ್ಲ, 8:7ರ ಅನುಪಾತದಲ್ಲಿ ತುಸು ಅಗಲ. 16:9ಕ್ಕೆ ಎಳೆದರೆ ಮಾರಿಯೋ ದಪ್ಪಗಾಗದೆ ಇನ್ನೇನಾದಾನು?

ಇಷ್ಟೆಲ್ಲ ಹಳೆಯ ಯಂತ್ರದ ಗೋಳು, ಎಚ್‌ಡಿಎಂಐ ಬಂದ ಮೇಲೆ ಮುಗಿಯಿತು ಎನ್ನುವವರಿದ್ದಾರೆ. ಬೆರಕೆಯ ಸಮಸ್ಯೆ ಮುಗಿದದ್ದು ಹೌದು. ಸಂಕೇತ ಅಂಕಿಗಳಾಗಿರುವುದರಿಂದ ಬೇಕಾದ ವೇಗ ತಡೆಯಬಲ್ಲ ಸಾಧಾರಣ ಕೇಬಲ್ಲಿಗೂ ಚಿನ್ನದ ಲೇಪದ ದುಬಾರಿ ಕೇಬಲ್ಲಿಗೂ ಚಿತ್ರದಲ್ಲಿ ವ್ಯತ್ಯಾಸವಿಲ್ಲ. ಆದರೆ ತಪ್ಪು ಓದು ಉಳಿದೇ ಇದೆ. ಟಿವಿ ಲೋಕದಲ್ಲಿ ಕಪ್ಪೆಂದರೆ 16, ಬಿಳುಪೆಂದರೆ 235. ಕಂಪ್ಯೂಟರ್ ಲೋಕದಲ್ಲಿ 0 ಮತ್ತು 255. ಕನ್ಸೋಲು ಒಂದು ಲೆಕ್ಕದಲ್ಲಿ ಕಳಿಸಿ ಪರದೆ ಇನ್ನೊಂದರಲ್ಲಿ ಓದಿದರೆ, ಕತ್ತಲೆಯ ಗುಹೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಗುಹೆಯ ಗೋಡೆಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಅದಕ್ಕೆ ಹೊಸ ಪರದೆ ಬೇಕಿಲ್ಲ, ಎರಡೂ ಕಡೆಯ ಸೆಟ್ಟಿಂಗ್ ಒಂದೇ ಆಗಿದೆಯೇ ಎಂದು ನೋಡಿದರೆ ಸಾಕು.

ಕೊನೆಗೆ ಉಳಿಯುವುದು ಸಮಯ, ಯಾವ ಸ್ಕೇಲರೂ ಪೂರ್ತಿ ಗೆಲ್ಲಲಾಗದ ಜಾಗ ಇದೇ. ಚಿತ್ರವನ್ನು ನೆನಪಿನಲ್ಲಿಟ್ಟು ತಿದ್ದಿ ತೀಡುವ ಟಿವಿ ಅದನ್ನು ಹತ್ತಾರು ಮಿಲಿಸೆಕೆಂಡು ತಡವಾಗಿ ತೋರಿಸುತ್ತದೆ. ಗೇಮಿನ ಒಂದು ಚಿತ್ರಕ್ಕಿರುವ ಆಯಸ್ಸು ಹದಿನೇಳು ಮಿಲಿಸೆಕೆಂಡಿಗಿಂತ ಕಡಿಮೆ. ಮಾರಿಯೋ ತಡವಾಗಿ ನೆಗೆಯುವುದು ಇದರಿಂದ. ಟಿವಿಯ ಗೇಮ್ ಮೋಡ್ ಈ ತಿದ್ದುಪಡಿಗಳನ್ನು ಬಿಟ್ಟು ತಡವನ್ನು ಬಹಳಷ್ಟು ಇಳಿಸುತ್ತದೆ, ಹಾಗಾಗಿ ಹಣ ಖರ್ಚು ಮಾಡುವ ಮೊದಲು ಮಾಡಬೇಕಾದ ಕೆಲಸ ಅದು. ಆದರೆ ನಿಂಟೆಂಡೋದ ಬಾತುಕೋಳಿ ಬೇಟೆಯ ಆಟ 'ಡಕ್ ಹಂಟ್'ನ ಬಂದೂಕಿಗೆ ಅಷ್ಟೂ ಸಾಲದು. ಕುದುರೆ ಎಳೆದೊಡನೆ ಗೇಮು ಪರದೆಯನ್ನು ಒಂದು ಚಿತ್ರದ ಮಟ್ಟಿಗೆ ಕಪ್ಪಾಗಿಸಿ, ಮುಂದಿನದರಲ್ಲಿ ಬಾತುಕೋಳಿಯಿದ್ದ ಜಾಗಕ್ಕೆ ಬಿಳಿಯ ಚೌಕ ಬರೆಯುತ್ತದೆ. ಬಂದೂಕಿನ ಮೂತಿಯ ಬೆಳಕಿನ ಸಂವೇದಕ ಆ ಕ್ಷಣದಲ್ಲೇ ಬಿಳುಪು ಕಂಡರೆ ಗುಂಡು ತಗುಲಿತು. ಅದರ ವಿದ್ಯುನ್ಮಂಡಲವೂ ಟ್ಯೂಬಿನ ಕಿರಣ ಸೆಕೆಂಡಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಗೆರೆ ಎಳೆಯುವಾಗಿನ ಬೆಳಕಿನ ಬಡಿತಕ್ಕೆ ಶ್ರುತಿಗೊಂಡದ್ದು. ಎಲ್‌ಸಿಡಿ ಪರದೆಯಲ್ಲಿ ಆ ಬಡಿತವಿಲ್ಲ, ಚೌಕ ಬರುವುದೂ ತಡ. ಗುರಿ ಎಷ್ಟೇ ನೇರವಿರಲಿ, ಗೇಮು ಉತ್ತರ ಕೇಳಿ ಮುಗಿಸಿದ ಮೇಲೆ ಚೌಕ ಮೂಡುತ್ತದೆ, ಬಾತುಕೋಳಿ ಹಾರಿಹೋಗುತ್ತದೆ.