ಮೇಜೋರಿಯನ್: ಗೊಂಬೆಯಾಗಲು ಒಪ್ಪದ ಚಕ್ರವರ್ತಿ

ಕ್ರಿ.ಶ. 457ರಲ್ಲಿ ಮೇಜೋರಿಯನ್ ಪಟ್ಟಕ್ಕೇರಿದಾಗ ಪಶ್ಚಿಮ ರೋಮ್ ಸಾಮ್ರಾಜ್ಯದಲ್ಲಿ ಭದ್ರವಾಗಿ ಉಳಿದಿದ್ದು ಹೆಚ್ಚುಕಡಿಮೆ ಇಟಲಿಯಷ್ಟೇ. ಗಾಲ್, ಸ್ಪೇನ್ ಕೈಜಾರುತ್ತಿದ್ದವು. ಎರಡು ವರ್ಷಗಳ ಹಿಂದಷ್ಟೇ ವ್ಯಾಂಡಲರು ರೋಮ್ ನಗರವನ್ನು ಸೂರೆಗೈದಿದ್ದರು. ಆ ನಗರಕ್ಕೆ ಧಾನ್ಯ ಕಳಿಸುತ್ತಿದ್ದ ಉತ್ತರ ಆಫ್ರಿಕಾವೂ ಅವರದೇ ವಶದಲ್ಲಿತ್ತು.

ಸೇನಾನಿಯಾಗಿದ್ದ ಮೇಜೋರಿಯನ್‌ಗೆ ಸಿಂಹಾಸನ ದೊರೆತದ್ದು ದಂಡನಾಯಕ ರಿಸಿಮರ್‌ನ ಬೆಂಬಲದಿಂದ. ರಿಸಿಮರ್‌ಗೆ ಬೇಕಿದ್ದದ್ದು ಬಹುಶಃ ಕೈಗೊಂಬೆ, ಸಿಕ್ಕವನು ಆಳತೊಡಗಿದ! ಬಾಕಿ ತೆರಿಗೆ ಮನ್ನಾ ಮಾಡಿದ. ರೋಮ್‌ನ ಹಳೆಯ ಕಟ್ಟಡಗಳನ್ನು ಕೆಡವಿ ಕಲ್ಲು ಸಾಗಿಸುವುದನ್ನು 458ರಲ್ಲಿ ನಿಷೇಧಿಸಿದ. ಅದಕ್ಕೆ ಅನುಮತಿ ಕೊಟ್ಟ ಅಧಿಕಾರಿಗೆ 50 ಪೌಂಡ್ ಚಿನ್ನದ ದಂಡ; ನೆರವಾದ ಕೆಳಗಿನ ನೌಕರರಿಗೆ ಹೊಡೆತ, ಜೊತೆಗೆ ಕೈ ಕತ್ತರಿಸುವ ಶಿಕ್ಷೆ. ಗಾಲ್‌ನಲ್ಲಿ ಲಿಯಾನ್ ನಗರವನ್ನು ಮರಳಿ ಪಡೆದ, ವಿಸಿಗಾಥರನ್ನು ಮಣಿಸಿದ.

ನಿಜವಾದ ಗುರಿ ಆಫ್ರಿಕಾ. ಸುಮಾರು 300 ಹಡಗುಗಳೊಂದಿಗೆ ಅಲ್ಲಿಗೆ ದಾಟುವ ಯೋಜನೆ ಅವನದು. ಆದರೆ 460ರಲ್ಲಿ, ದ್ರೋಹಿಗಳಿಂದ ಸುಳಿವು ಪಡೆದ ವ್ಯಾಂಡಲರು ಸ್ಪೇನ್ ಕರಾವಳಿಯಲ್ಲೇ ಹಡಗುಗಳನ್ನು ವಶಪಡಿಸಿಕೊಂಡರು. ಯುದ್ಧ ಆರಂಭವಾಗುವ ಮೊದಲೇ ದಂಡಯಾತ್ರೆ ಮುಗಿಯಿತು.

461ರ ಆಗಸ್ಟ್‌ನಲ್ಲಿ ಇಟಲಿಗೆ ಹಿಂದಿರುಗುತ್ತಿದ್ದ ಅವನನ್ನು ಟೊರ್ಟೋನಾದಲ್ಲಿ ರಿಸಿಮರ್ ಸೆರೆಹಿಡಿದ. ಐದು ದಿನಗಳ ಬಳಿಕ ಶಿರಚ್ಛೇದವಾಯಿತು. ನವೆಂಬರ್‌ನಲ್ಲಿ ರಿಸಿಮರ್ ಸಿಂಹಾಸನದಲ್ಲಿ ಕೂರಿಸಿದ್ದು ಲಿಬಿಯಸ್ ಸೆವೆರಸ್ ಎಂಬ ಸೆನೆಟರ್‌ನನ್ನು.