ಹಾವಿನ ಮರಿ ಮಾಡಿಸುವ ಮುನ್ನ: ಸದಸ್ಯರ ತಿಳುವಳಿಕೆಗಾಗಿ



ಕಳೆದ ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು, "ಮಗ ಬೆಂಗಳೂರಿನಿಂದ ಒಂದು ಜೋಡಿ ಹಾವು ತಂದಿದ್ದಾನೆ. ಈ ಚಳಿಗಾಲದಲ್ಲಿ ಮರಿ ಮಾಡಿಸುತ್ತಾನಂತೆ. ಏನಾದರೂ ತೊಂದರೆ ಉಂಟಾ ಸೆಕ್ರೆಟರಿಯವರೇ?" ಎಂದು ಕೇಳಿದರು. ಮನೆಗೆ ಹೋಗಿ ನೋಡಿದೆ. ಹುಡುಗ ಅಕ್ಕರೆಯಿಂದಲೇ ಸಾಕುತ್ತಿದ್ದಾನೆ. ಆದರೆ ಅವನ ಬಳಿ ಬಿಲ್ಲೂ ಇಲ್ಲ, ನೋಂದಣಿಯೂ ಇಲ್ಲ. ಇಂಥ ಆಸೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದೆಂದು ಈ ಬರಹ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ನಮ್ಮ ತೋಟ, ಗುಡ್ಡಗಳಲ್ಲಿ ಕಾಣುವ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಮನೆಯಲ್ಲಿಟ್ಟರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಅದರ ಮರಿ ಮಾಡಿಸುವ ಮಾತೇ ಇಲ್ಲ.

ಹುಡುಗ ತಂದದ್ದು ಬಾಲ್ ಪೈಥಾನ್. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ವಿಷವಿಲ್ಲ. ವಿದೇಶದ ಹಾವಾದ್ದರಿಂದ ಕೇಳುವವರಿಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿದೆ. 2022ರ ತಿದ್ದುಪಡಿಯಿಂದ ಆ ಪಟ್ಟಿ ನಮ್ಮ ಕಾಯ್ದೆಯೊಳಗೂ ಬಂದಿದೆ. 2024ರ ನಿಯಮಗಳ ಪ್ರಕಾರ ಪ್ರಾಣಿ ಕೈಸೇರಿದ 30 ದಿನಗಳೊಳಗೆ 'ಪರಿವೇಶ್' ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್‌ರಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಹಾವು ಸತ್ತರೂ, ಬೇರೆಯವರಿಗೆ ಕೊಟ್ಟರೂ ವರದಿ ಮಾಡಬೇಕು. ತಾಯಿಗೇ ದಾಖಲೆ ಇಲ್ಲದಿದ್ದರೆ ಮರಿಗೆ ಎಲ್ಲಿಂದ ಬಂದೀತು? ದಾಖಲೆ ಇಲ್ಲದೆ ಹಾವು ಇಟ್ಟುಕೊಂಡವರು ಮುಚ್ಚಿಡುವ ಬದಲು ತಾವೇ ಅರಣ್ಯ ಕಚೇರಿಗೆ ಹೋಗಿ ಲಿಖಿತವಾಗಿ ತಿಳಿಸುವುದು ಲೇಸು.

ಕಾಗದ ಸರಿಯಾದ ಮೇಲೆ ಹಾವಿನ ಆರೋಗ್ಯದ ವಿಷಯ. ಹೆಣ್ಣಿಗೆ ಸುಮಾರು ಮೂರು ವರ್ಷ ವಯಸ್ಸು, ಒಂದೂವರೆ ಕಿಲೋ ತೂಕ ಆಗುವವರೆಗೆ ಗಂಡಿನ ಜೊತೆ ಬಿಡಬಾರದು. ಮೊಟ್ಟೆ ಹೊತ್ತ ಹೆಣ್ಣು ತಿಂಗಳುಗಟ್ಟಲೆ ಆಹಾರ ಬಿಡುವುದುಂಟು. ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಸೊರಗಿಹೋಗುತ್ತದೆ. ತೂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಮೊಟ್ಟೆಯಿಡುವ ಸುಮಾರು ಒಂದು ತಿಂಗಳು ಮೊದಲು ಹೆಣ್ಣು ಪೊರೆ ಕಳಚುತ್ತದೆ. ಆ ತಾರೀಕು ಗುರುತಿಟ್ಟರೆ ಮುಂದಿನ ತಯಾರಿ ಸುಲಭ.

ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ. ಕೋಳಿಮೊಟ್ಟೆಯ ಹಾಗೆ ಇವನ್ನು ಹೊರಳಿಸಬಾರದು. ಇಟ್ಟ ಹಾಗೆಯೇ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ಅದೇ ಭಾಗ ಮೇಲಿರುವಂತೆ ತೇವವಿರುವ ಕಾವುಪೆಟ್ಟಿಗೆಯಲ್ಲಿ ಇಡಬೇಕು. 31ರಿಂದ 32 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮರಿ ಹೊರಬರಲು 55ರಿಂದ 60 ದಿನ ಬೇಕು. ನಮ್ಮಲ್ಲಿ ಕರೆಂಟು ಹೋಗುವುದು ಹೊಸತೇನಲ್ಲ. ಬದಲಿ ವ್ಯವಸ್ಥೆ ಇಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಮರಿ ಬಂದ ಮೇಲೆಯೇ ನಿಜವಾದ ಲೆಕ್ಕ. ಆರು ಮರಿಗೆ ಆರು ಪೆಟ್ಟಿಗೆ ಬೇಕು. ಮೊದಲ ಪೊರೆ ಕಳಚಿದ ಮೇಲೆ ಇಲಿಮರಿ ಕೊಡಬೇಕು. ಕೆಲವು ವಾರಗಟ್ಟಲೆ ತಿನ್ನುವುದಿಲ್ಲ. ಬಾಲ್ ಪೈಥಾನ್ 20-30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಒಂದು ಹೆಣ್ಣು 2020ರಲ್ಲಿ ಮೊಟ್ಟೆಯಿಟ್ಟಿತ್ತು. ಬಣ್ಣದ ಆಸೆಗೆ 'ಸ್ಪೈಡರ್' ತಳಿಯನ್ನು ಬೆಳೆಸಬೇಡಿ. ಆ ತಳಿಗೆ ಹುಟ್ಟಿನಿಂದಲೇ ನರದೋಷವಿದ್ದು ತಲೆ ನಡುಗುತ್ತದೆ. ಸಾಕಲಾಗದೆ ಹೋದರೆ ಗುಡ್ಡಕ್ಕೆ ಬಿಡುವುದಂತೂ ಕೂಡದು. ಅದು ಆ ಹಾವಿಗೂ ಅನ್ಯಾಯ, ರೋಗ ಹರಡಿದರೆ ನಮ್ಮ ಊರಿನ ಹಾವುಗಳಿಗೂ ಅನ್ಯಾಯ.

ಹಾವಿನ ಮೊಟ್ಟೆಗೆ ಎಷ್ಟು ತಾಳ್ಮೆ ಬೇಕೆಂಬುದನ್ನು ನಮ್ಮ ಕಾಸರಗೋಡು ಆಗಲೇ ನೋಡಿದೆ. 2022ರ ಮಾರ್ಚ್‌ನಲ್ಲಿ ಎರಿಯಾಲಿನ ಸಿಪಿಸಿಆರ್‌ಐ ಬಳಿ ಹೆದ್ದಾರಿ ಕೆಲಸ ನಡೆಯುವಾಗ ಮುಳ್ಳುಹಂದಿಯ ಬಿಲದಲ್ಲಿ ಹೆಬ್ಬಾವೊಂದು ಮೊಟ್ಟೆಗಳಿಗೆ ಸುತ್ತಿಕೊಂಡು ಕಾವು ಕೊಡುತ್ತಿತ್ತು. ಗುತ್ತಿಗೆ ಹಿಡಿದ ಊರಾಳುಂಗಲ್ ಸೊಸೈಟಿಯವರು ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿದರು. 24 ಮೊಟ್ಟೆಗಳಿದ್ದವು. ಅವು ಬಿರಿಯತೊಡಗಿದ ಮೇಲಷ್ಟೇ ಅಲ್ಲಿಂದ ತೆಗೆದು, ಮರಿಗಳನ್ನು ಕಾಡಿಗೆ ಬಿಡಲಾಯಿತು. ರಾಷ್ಟ್ರೀಯ ಹೆದ್ದಾರಿಯೇ ಕಾದ ಮೇಲೆ ನಾವು ಒಂದು ವರ್ಷ ಕಾಯಬಾರದೇ?

ಇದನ್ನೇ ಆ ಹುಡುಗನಿಗೂ ಹೇಳಿದೆ. ಸ್ವಲ್ಪ ಮುಖ ಸಣ್ಣದಾಯಿತು. ಎರಡು ದಿನ ಕಳೆದು ಫೋನ್ ಮಾಡಿ, "ಅಂಕಲ್, ಈ ಸಲ ಜೋಡಿ ಕೂಡಿಸುವುದಿಲ್ಲ. ಅರಣ್ಯ ಕಚೇರಿಗೆ ಅರ್ಜಿ ಬರೆಯಲು ಸಹಾಯ ಮಾಡುತ್ತೀರಾ?" ಎಂದು ಕೇಳಿದ. ಅರ್ಜಿ ಬರೆಯುವುದರಲ್ಲೇ ಸರ್ವೀಸು ಕಳೆದವನು ನಾನು, ಕೂಡಲೇ ಒಪ್ಪಿದೆ. ಬೇರೆ ಯಾರಿಗಾದರೂ ಇಂಥ ಸಹಾಯ ಬೇಕಿದ್ದರೆ ಸಂಘದ ಕಚೇರಿಗೆ ಬನ್ನಿ.

– ಕಾರ್ಯದರ್ಶಿ