ಹುಡುಕಾಟದ ಹಿಂದಿನ ಹರಾಜು

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ತಮ್ಮ ಹೊಸ ಸರ್ಚ್ ಎಂಜಿನ್ ಗೂಗಲ್ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಜಾಹೀರಾತಿನ ದುಡ್ಡಿನಲ್ಲಿ ನಡೆಯುವ ಸರ್ಚ್ ಎಂಜಿನ್ ಹುಡುಕುವವರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತದೆ ಎಂದು ಅದರ ಅನುಬಂಧದಲ್ಲಿ ಎಚ್ಚರಿಸಿದ್ದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಉದ್ಯಮಿ ಬಿಲ್ ಗ್ರಾಸ್ 'ಗೋಟು.ಕಾಮ್' ಆರಂಭಿಸಿ, ಹುಡುಕಾಟದ ಫಲಿತಾಂಶಗಳಲ್ಲಿ ಮೇಲಿನ ಜಾಗಗಳನ್ನೇ ಹರಾಜಿಗಿಟ್ಟರು. ಮುಂದೆ ಗೂಗಲ್ ಶ್ರೀಮಂತವಾದದ್ದು ಗ್ರಾಸ್ ಅವರ ಉಪಾಯವನ್ನು ತಿದ್ದಿಕೊಂಡು. ಜಾಹೀರಾತಿಗೆ ಹಣ ಹೂಡುವ ಕೆಲಸದಲ್ಲಿರುವ ನನಗೆ ಸರ್ಚ್ ಎಂಜಿನ್ನಿನ ಇತಿಹಾಸದಲ್ಲಿ ಅತ್ಯಂತ ಮುಖ್ಯವೆನಿಸುವುದು ಆ ತಿದ್ದುಪಡಿಯೇ.

ಪೇಜ್‌ರ‍್ಯಾಂಕ್ ಎಂಬ ಗೂಗಲ್ ವಿಧಾನದ ಕಥೆ ಬಹಳ ಜನಕ್ಕೆ ಗೊತ್ತು. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಮತವೆಂದು ಎಣಿಸುವುದು, ಹೆಚ್ಚು ಮತ ಪಡೆದ ಪುಟದ ಮತಕ್ಕೆ ಹೆಚ್ಚು ತೂಕ ಕೊಡುವುದು. ಕೊಂಡಿಗಳನ್ನು ಎಣಿಸುವ ಇಂಥದೇ ವಿಧಾನವನ್ನು ಚೀನಾ ಮೂಲದ ರಾಬಿನ್ ಲಿ 1996ರಲ್ಲೇ 'ರ‍್ಯಾಂಕ್‌ಡೆಕ್ಸ್' ಹೆಸರಿನಲ್ಲಿ ರೂಪಿಸಿದ್ದರು. ನಂತರ ಬೈಡು ಕಟ್ಟಿದವರಲ್ಲಿ ಅವರೂ ಒಬ್ಬರು. ಇದು ಹುಡುಕುವವರ ಕಡೆಯ ಕಥೆ. ದುಡ್ಡು ಕೊಡುವವರ ಕಡೆಯ ಕಥೆ ಬೇರೆಯೇ ಇದೆ.

ಅಲ್ಲಿಯವರೆಗೆ ಅಂತರಜಾಲದ ಜಾಹೀರಾತನ್ನು ಬಹುತೇಕ ಪತ್ರಿಕೆಯ ಜಾಹೀರಾತಿನಂತೆಯೇ ಮಾರುತ್ತಿದ್ದರು: ಸಾವಿರ ಸಲ ತೋರಿಸಿದರೆ ಇಷ್ಟು ದರ. ಗ್ರಾಸ್ ಅವರದು ಸರಳ ನಿಯಮ. ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ದುಡ್ಡು, ಹೆಚ್ಚು ಕೂಗಿದವರಿಗೆ ಮೇಲಿನ ಜಾಗ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರಿನಂತೆಯೇ ಇದು. ಹೆಚ್ಚು ದರ ಬರೆದ ವರ್ತಕನಿಗೆ ಮಾಲು, ಬರೆದಷ್ಟೇ ಬೆಲೆ. ಆದರೆ ಮೆಣಸಿನಕಾಯಿ ರಾಶಿ ಒಂದು ಸಲ ಮಾರಾಟವಾದರೆ ಮುಗಿಯಿತು. ಹುಡುಕಾಟದ ಜಾಗ ಕ್ಷಣಕ್ಷಣವೂ ಮತ್ತೆ ಹರಾಜಾಗುತ್ತದೆ. ಹಾಗಾಗಿ ₹20 ಕೂಗಿ ಗೆದ್ದವನು, ಎರಡನೆಯವನದು ₹12 ಎಂದು ಕಂಡೊಡನೆ ತನ್ನ ಕೂಗನ್ನು ₹12ಕ್ಕಿಂತ ಒಂದಿಷ್ಟೇ ಹೆಚ್ಚಿನ ದರಕ್ಕೆ ಇಳಿಸುತ್ತಿದ್ದ. ಎರಡನೆಯವನು ಅವನನ್ನು ದಾಟುತ್ತಿದ್ದ. ದರ ಮೆಲ್ಲಗೆ ಏರಿ, ಒಬ್ಬ ಕೈಬಿಟ್ಟಾಗ ಧೊಪ್ಪನೆ ಬಿದ್ದು, ಮತ್ತೆ ಏರುತ್ತಿತ್ತು. ಇದಕ್ಕೆಂದೇ ತಂತ್ರಾಂಶಗಳು ಹಗಲೂ ರಾತ್ರಿ ಕೂಗು ಬದಲಿಸುತ್ತಿದ್ದವು.

2002ರಲ್ಲಿ ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯಾದ ಆ್ಯಡ್‌ವರ್ಡ್ಸ್‌ನಲ್ಲಿ ಎರಡು ಬದಲಾವಣೆ ತಂದಿತು. ಸ್ಥಾನ ನಿರ್ಧಾರಕ್ಕೆ ಕೂಗಿದ ದರದ ಜೊತೆಗೆ ಜನ ಆ ಜಾಹೀರಾತನ್ನು ಎಷ್ಟು ಕ್ಲಿಕ್ ಮಾಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು. ಗೆದ್ದವನು ತಾನು ಕೂಗಿದಷ್ಟನ್ನಲ್ಲ, ತನ್ನ ಜಾಗ ಉಳಿಸಿಕೊಳ್ಳಲು ಬೇಕಾದಷ್ಟನ್ನೇ ಕೊಟ್ಟರೆ ಸಾಕು ಎಂದಿತು.

ಇಳಕಲ್ ಸೀರೆ ಮಾರುವ ಮೂರು ಅಂಗಡಿಗಳಿವೆ ಎನ್ನಿ. ಮೊದಲನೆಯದು ಕ್ಲಿಕ್ಕಿಗೆ ₹20 ಕೂಗುತ್ತದೆ, ಆದರೆ ನೂರು ಜನ ನೋಡಿದರೆ ಇಬ್ಬರು ಮಾತ್ರ ಒತ್ತುತ್ತಾರೆ. ಎರಡನೆಯದು ಕೂಗುವುದು ₹12, ಒತ್ತುವವರು ಐವರು. ಮೂರನೆಯದು ₹10, ಮೂವರು. ಗುಣಿಸಿದರೆ ಅಂಕಗಳು ಕ್ರಮವಾಗಿ 40, 60, 30. ಮೇಲಿನ ಜಾಗ ಎರಡನೆಯ ಅಂಗಡಿಗೆ. ಅದು ಕೊಡಬೇಕಾದದ್ದು ಹಿಂದಿರುವವರ 40 ಅಂಕವನ್ನು ತನ್ನ 5ರಿಂದ ಭಾಗಿಸಿದರೆ ಬರುವ ₹8, ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು. ಗ್ರಾಸ್ ಪದ್ಧತಿಯಲ್ಲಿ ಮೊದಲ ಅಂಗಡಿ ₹20ರಂತೆ ಎರಡು ಕ್ಲಿಕ್ಕಿಗೆ ₹40 ಕೊಡುತ್ತಿತ್ತು. ಇಲ್ಲಿ ₹8ರಂತೆ ಐದು ಕ್ಲಿಕ್ಕಿಗೆ ಅದೇ ₹40. ಸರ್ಚ್ ಎಂಜಿನ್ನಿಗೆ ನಷ್ಟವಿಲ್ಲ, ಅಂಗಡಿಗೆ ಅಗ್ಗ, ಹುಡುಕಿದವರಿಗೆ ಬೇಕಾದದ್ದೇ ಸಿಕ್ಕಿತು. ಇಷ್ಟು ಸೊಗಸಾದ ಲೆಕ್ಕ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ಗೋಟು ಅಷ್ಟರಲ್ಲಿ 'ಓವರ್ಚರ್' ಎಂದು ಹೆಸರು ಬದಲಿಸಿಕೊಂಡಿತ್ತು. ತನ್ನ ಪೇಟೆಂಟ್ ಉಲ್ಲಂಘನೆಯಾಗಿದೆ ಎಂದು ಅದು 2002ರಲ್ಲಿ ಗೂಗಲ್ ಮೇಲೆ ದಾವೆ ಹೂಡಿತು. 2003ರಲ್ಲಿ ಯಾಹೂ ಓವರ್ಚರನ್ನು ಕೊಂಡಿತು. 2004ರಲ್ಲಿ ಗೂಗಲ್ 27 ಲಕ್ಷ ಷೇರು ಕೊಟ್ಟು ರಾಜಿ ಮಾಡಿಕೊಂಡಿತು. ಪ್ರತಿಸ್ಪರ್ಧಿ ಇದ್ದದ್ದರಿಂದಲೇ ಆ ಒಳ್ಳೆಯ ಹರಾಜು ಹುಟ್ಟಿತು ಎಂಬುದನ್ನು ಮರೆಯಬಾರದು.

ಆಮೇಲೆ ಪೈಪೋಟಿ ಸೊರಗಿತು. ಮೈಕ್ರೋಸಾಫ್ಟ್ 2009ರಲ್ಲಿ ಬಿಂಗ್ ತಂದರೂ ಗೂಗಲ್ ಪಾಲು ಕರಗಲಿಲ್ಲ. ಅಮೆರಿಕದ ಸರ್ಕಾರ 2020ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು ತೀರ್ಪು ಕೊಟ್ಟರು: ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ. ಅಮೆರಿಕದ ಸಾಮಾನ್ಯ ಹುಡುಕಾಟದಲ್ಲಿ ಅದರ ಪಾಲು 2020ರಲ್ಲಿ ಸುಮಾರು ಶೇ 90 ಇತ್ತು. ಫೋನು, ಬ್ರೌಸರುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು ಅದು 2021ರಲ್ಲಿ ಕೊಟ್ಟ ಹಣ 2,630 ಕೋಟಿ ಡಾಲರ್.

ನನ್ನಂಥವರಿಗೆ ಈ ತೀರ್ಪಿನಲ್ಲಿ ಮುಖ್ಯವಾದ ಭಾಗ ಇನ್ನೊಂದಿದೆ. ಎರಡನೇ ಸ್ಥಾನದವರ ಅಂಕವನ್ನು ಲೆಕ್ಕದೊಳಗೇ ಎತ್ತಿ, ಗೆದ್ದವರ ದರ ಏರಿಸುವ ತಂತ್ರ ಗೂಗಲ್ ಬಳಿ ಇತ್ತೆಂದು ವಿಚಾರಣೆಯಲ್ಲಿ ಹೊರಬಂತು. ಸೀರೆ ಅಂಗಡಿಗೇ ಬನ್ನಿ. ಹಿಂದಿರುವವರ ಅಂಕ 40ರ ಬದಲು 50 ಎಂದುಕೊಂಡರೆ, ಅದೇ ಜಾಗದ ಅದೇ ಕ್ಲಿಕ್ಕಿಗೆ ₹8 ಹೋಗಿ ₹10 ಆಗುತ್ತದೆ. ಅಂಗಡಿಯವನಿಗೆ ಕಾಣುವುದು ಏರಿದ ಬಿಲ್ ಮಾತ್ರ. ಯಾವ ಪದ ಹುಡುಕಿದವರು ತನ್ನ ಜಾಹೀರಾತು ಒತ್ತಿದರು ಎಂಬ ವರದಿಯಲ್ಲೂ 2020ರ ಸೆಪ್ಟೆಂಬರಿನಿಂದ ಅಪರೂಪದ ಪದಗಳು ಕಾಣೆಯಾದವು. ದುಡ್ಡು ಕೊಟ್ಟವನಿಗೆ ತಾನು ಏನು ಕೊಂಡೆ ಎಂದು ತಿಳಿಯುವ ಹಕ್ಕಿಲ್ಲವೆಂದರೆ ಅದು ಅನ್ಯಾಯ. ಗಟ್ಟಿ ಪ್ರತಿಸ್ಪರ್ಧಿಯೊಬ್ಬರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಗೂಗಲ್ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಧರ್ ರಾಮಸ್ವಾಮಿ ಅವರೇ ಹೊರಬಂದು 'ನೀವಾ' ಎಂಬ ಜಾಹೀರಾತಿಲ್ಲದ, ಚಂದಾ ಆಧಾರಿತ ಸರ್ಚ್ ಎಂಜಿನ್ ಕಟ್ಟಿದರು. ಅದು 2023ರಲ್ಲಿ ಮುಚ್ಚಿತು. ಅಷ್ಟು ಒಳ ಮರ್ಮ ಬಲ್ಲವರಿಗೂ ಫೋನಿನ ಮೊದಲ ಆಯ್ಕೆಯ ಗೋಡೆ ದಾಟುವುದು ಸುಲಭವಾಗಲಿಲ್ಲ.

ಈಗ ಗೋಡೆ ಬೇರೆ ಕಡೆಯಿಂದ ಬಿರುಕು ಬಿಟ್ಟಿದೆ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ, ಕೊಂಡಿಗಳ ಪಟ್ಟಿಯ ಬದಲು ನೇರ ಉತ್ತರ ಕೊಟ್ಟಿತು. ಗೂಗಲ್ ಕೂಡ 2024ರಲ್ಲಿ ಫಲಿತಾಂಶಗಳ ನೆತ್ತಿಯ ಮೇಲೆ ಎಐ ಬರೆದ ಸಾರಾಂಶ ಇಡತೊಡಗಿತು. ಅದೇ ವರ್ಷದ ಆಗಸ್ಟಿನಲ್ಲಿ ಅದನ್ನು ಭಾರತಕ್ಕೂ ತಂದಿತು. ಉತ್ತರ ಅಲ್ಲೇ ಸಿಕ್ಕರೆ ಕ್ಲಿಕ್ ಏಕೆ? ಕ್ಲಿಕ್ಕಿನ ಮೇಲೆ ನಿಂತ ಹರಾಜಿಗೂ, ಓದುಗರು ಬರಲೆಂದು ಬರೆಯುವ ಜಾಲತಾಣಗಳಿಗೂ ಇದೇ ಈಗಿನ ದೊಡ್ಡ ಪ್ರಶ್ನೆ.

ಕನ್ನಡಕ್ಕೂ ಈ ಪೈಪೋಟಿಯ ಪ್ರಶ್ನೆಗೂ ವಿಶೇಷ ಸಂಬಂಧವಿದೆ. ಸೀರೆ, ಸೀರೆಯ, ಸೀರೆಗಳಿಗೆ, ಸೀರೆಯಲ್ಲೂ ಎಂದು ನಮ್ಮ ಪದಗಳು ಬಾಲ ಬೆಳೆಸುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರು ಒಂದೇ ಪದವನ್ನು ಹಲವು ಬಗೆಯಲ್ಲಿ ಬರೆಯುತ್ತಾರೆ. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ಕಲಿಸುವುದು ಜನರ ಹಿಂದಿನ ಹುಡುಕಾಟ ಮತ್ತು ಕ್ಲಿಕ್ಕುಗಳ ರಾಶಿ. ಅಪರೂಪದ ಹುಡುಕಾಟಗಳಲ್ಲೇ ದೊಡ್ಡ ಎಂಜಿನ್ನಿಗೆ ಹೆಚ್ಚಿನ ಅನುಕೂಲ ಎಂದು ಆ ತೀರ್ಪೂ ಗುರುತಿಸಿದೆ. ಇಂಗ್ಲಿಷಿನ ಮುಂದೆ ಕನ್ನಡದ ಹುಡುಕಾಟಗಳು ಕಡಿಮೆಯೇ. 2025ರ ಸೆಪ್ಟೆಂಬರಿನಲ್ಲಿ ಮೆಹ್ತಾ ಅವರು, ಗೂಗಲ್ ತನ್ನ ಬ್ರೌಸರ್ ಕ್ರೋಮ್ ಮಾರಬೇಕಾಗಿಲ್ಲ, ಆದರೆ ಹುಡುಕಾಟದ ಕೆಲವು ದತ್ತಾಂಶವನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕು ಎಂದರು. ಅಂಥದೊಂದು ನಿಯಮ ಭಾರತೀಯ ಭಾಷೆಗಳಿಗೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಹೀರಾತು ಕೊಡುವ ಸಣ್ಣ ವ್ಯಾಪಾರಿಗಳಲ್ಲಿ ಒಂದು ವಿನಂತಿ: ತಿಂಗಳಿಗೊಮ್ಮೆಯಾದರೂ ನಿಮ್ಮ ಖಾತೆಯ ಹುಡುಕು ಪದಗಳ ವರದಿ ತೆರೆದು, ಸಂಬಂಧವಿಲ್ಲದ ಪದಗಳನ್ನು, ಇವುಗಳಿಗೆ ಜಾಹೀರಾತು ಬೇಡ ಎನ್ನುವ ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿ. ಬಜೆಟ್ಟಿನ ಒಂದು ಪಾಲನ್ನು ಬೇರೆ ಸರ್ಚ್ ಎಂಜಿನ್ನಿಗೂ ಇಡಿ.